ಕೇಸರಿಯ ಮೊದಲ ಸಂಪಾದಕ ಮತ್ತು ನನ್ನ ರೂಮ್‌ಮೇಟ್

ಕಳೆದ ತಿಂಗಳು ಬರೆದ ಅಣಕು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು. ಕೇಸರಿ ಪತ್ರಿಕೆಯ ಮೊದಲ ಸಂಪಾದಕ ಯಾರು? ಆಯ್ಕೆಗಳಲ್ಲಿ ಬಾಲಗಂಗಾಧರ ತಿಲಕರ ಹೆಸರು ಮೊದಲಿಗೇ ಇತ್ತು. ಮುಂದಿನ ಹೆಸರುಗಳನ್ನು ಓದದೆ ಅದಕ್ಕೇ ಗುರುತು ಹಾಕಿದೆ. ಉತ್ತರ ತಪ್ಪು. ಕಾಲು ಅಂಕ ಹೋಯಿತು. ಸರಿಯುತ್ತರ ಗೋಪಾಲ ಗಣೇಶ ಅಗರ್ಕರ್.

ಆ ಹೆಸರು ನನಗೆ ಹೊಸದೇನಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆಂದು ಬಂದು ಕೂತಿರುವ ನಮ್ಮಂಥವರಿಗೆ ಅಗರ್ಕರ್ ಅಂದರೆ ಹೊಂದಿಸಿ ಬರೆಯುವ ಪ್ರಶ್ನೆಯ ಒಂದು ಸಾಲು. ಕೇಸರಿಯ ಎದುರು ತಿಲಕ್, ಸುಧಾರಕದ ಎದುರು ಅಗರ್ಕರ್. ಅಷ್ಟು ಬರೆದರೆ ಅಂಕ ಬರುತ್ತದೆ, ಮುಂದಕ್ಕೆ ಹೋಗುತ್ತೇವೆ.

ಅವತ್ತು ರಾತ್ರಿ ತಪ್ಪುತ್ತರಗಳ ಪಟ್ಟಿ ಹಿಡಿದು ಕೂತಾಗ ಮಾತ್ರ ಇದು ತಲೆ ತಿನ್ನತೊಡಗಿತು. ಕೇಸರಿಗೆ ಮೊದಲ ಸಂಪಾದಕರಾಗಿದ್ದವರು ಅದನ್ನು ಬಿಟ್ಟು ಬೇರೆ ಪತ್ರಿಕೆ ಯಾಕೆ ಶುರು ಮಾಡಿದರು? ಇಂಥದ್ದನ್ನೆಲ್ಲ ಕೇಳಲು ನನಗೊಬ್ಬಳು ಗೆಳತಿ ಇದ್ದಳು. ನಿಪ್ಪಾಣಿ ಕಡೆಯವಳು, ಮರಾಠಿ ಚೆನ್ನಾಗಿ ಬಲ್ಲವಳು, ಎರಡು ವರ್ಷ ಒಂದೇ ಕೋಣೆಯಲ್ಲಿ ನನ್ನ ಜೊತೆ ಇದ್ದವಳು. ಆದರೆ ಅವಳ ಮಂಚ ಖಾಲಿಯಾಗಿ ಮೂರು ತಿಂಗಳಾಗಿತ್ತು.

ನಾವು ಜಗಳವಾಡಿದ್ದು ರಾಜಕೀಯಕ್ಕೆ. ಚುನಾವಣೆಯ ಹೊತ್ತಿನಲ್ಲಿ ನಮ್ಮ ಸ್ಟಡಿ ಗ್ರೂಪ್‌ನಲ್ಲಿ ನೋಟ್ಸ್‌ಗಿಂತ ಫಾರ್ವರ್ಡ್‌ಗಳೇ ಹೆಚ್ಚಾದವು. ಅವಳು ಸಂಪ್ರದಾಯ, ಧರ್ಮ, ದೇಶ ಎನ್ನುವ ಕಡೆ. ನಾನು ಹಕ್ಕು, ಸಮಾನತೆ, ಬದಲಾವಣೆ ಎನ್ನುವ ಕಡೆ. ಅವಳು ಒಂದು ಹಾಕಿದರೆ ನಾನು ಎರಡು ಹಾಕುತ್ತಿದ್ದೆ. ಒಂದು ದಿನ ಎಲ್ಲರೆದುರು ನಾನು ಅವಳನ್ನು ಭಕ್ತೆ ಎಂದೆ. ಅವಳು ನನ್ನನ್ನು ಗಂಜಿ ಗಿರಾಕಿ ಎಂದಳು. ವಾರದೊಳಗೆ ಅವಳು ಬೇರೆ ಪಿ.ಜಿ. ನೋಡಿಕೊಂಡಳು. ಪಾಲು ಹಾಕಿ ಕೊಂಡಿದ್ದ ಪುಸ್ತಕಗಳನ್ನು ಮಾತಿಲ್ಲದೆ ಹಂಚಿಕೊಂಡೆವು. ಸಂವಿಧಾನ, ಅರ್ಥಶಾಸ್ತ್ರ ಅವಳಿಗೆ. ಇತಿಹಾಸ, ಭೂಗೋಳ ನನಗೆ. ಯಾವ ವಿಷಯಕ್ಕೆ ಜಗಳ ಶುರುವಾಯಿತು ಎಂದು ಈಗ ಕೇಳಿದರೆ ನನಗೆ ಸರಿಯಾಗಿ ನೆನಪಿಲ್ಲ. ಬೈದುಕೊಂಡ ಪದಗಳು ಮಾತ್ರ ನೆನಪಿವೆ.

ಹೀಗಾಗಿ ಅಗರ್ಕರ್ ಬಗ್ಗೆ ನಾನೊಬ್ಬಳೇ ಗ್ರಂಥಾಲಯದಲ್ಲಿ ಕೂತು ಓದಿದೆ. ಓದುತ್ತಾ ಹೋದಂತೆ ನನ್ನದೇ ಕೋಣೆಯ ಕಥೆ ಓದುತ್ತಿದ್ದೇನೆ ಅನ್ನಿಸಿತು.

ಅಗರ್ಕರ್ ಹುಟ್ಟಿದ್ದು 1856ರ ಜುಲೈ 14ರಂದು, ಸಾತಾರಾ ಜಿಲ್ಲೆಯ ಕರಾಡ ಹತ್ತಿರದ ಟೆಂಭು ಎಂಬ ಹಳ್ಳಿಯಲ್ಲಿ. ನಮ್ಮ ಚಿಕ್ಕೋಡಿ, ಅಥಣಿ ಕಡೆಗೆ ಹರಿದು ಬರುವ ಅದೇ ಕೃಷ್ಣಾ ನದಿಯ ಸೀಮೆ. ಅವರು ಹುಟ್ಟಿದ ಒಂಬತ್ತು ದಿನಕ್ಕೆ, ಜುಲೈ 23ರಂದು, ರತ್ನಾಗಿರಿಯಲ್ಲಿ ತಿಲಕರು ಹುಟ್ಟಿದರು. ತಿಲಕರ ತಂದೆ ಶಿಕ್ಷಣ ಇಲಾಖೆಯಲ್ಲಿದ್ದವರು, ಮನೆಯಲ್ಲಿ ಓದಿಗೆ ಅಡ್ಡಿ ಇರಲಿಲ್ಲ. ಅಗರ್ಕರ್ ಮನೆಯಲ್ಲಿ ಬಡತನ. ಕರಾಡದಲ್ಲಿ ಶಾಲೆ ಓದಿದ ಹುಡುಗ ಅಲ್ಲಿಯ ಕೋರ್ಟಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿದ. ಅವರಿವರ ಆಸರೆಯಲ್ಲಿ ಊರೂರು ತಿರುಗಿ ಓದು ಮುಂದುವರಿಸಿ ಪುಣೆಯ ಡೆಕ್ಕನ್ ಕಾಲೇಜು ಸೇರಿದ. 1878ರಲ್ಲಿ ಬಿ.ಎ., 1880ರಲ್ಲಿ ಎಂ.ಎ. ಆ ಕಾಲಕ್ಕೆ ಎಂ.ಎ. ಎಂದರೆ ಸರ್ಕಾರಿ ನೌಕರಿ ಮನೆ ಬಾಗಿಲಿಗೆ ಬಂದಂತೆ.

ಆದರೆ ಅಗರ್ಕರ್ ಕಾಲೇಜಿನಿಂದಲೇ ತಾಯಿಗೆ ಒಂದು ಪತ್ರ ಬರೆದರು. ಮಗ ದೊಡ್ಡ ಪರೀಕ್ಷೆ ಪಾಸಾಗಿ ದೊಡ್ಡ ಸಂಬಳ ತರುತ್ತಾನೆ ಎಂಬ ಆಸೆ ಇಟ್ಟುಕೊಳ್ಳಬೇಡ, ಹೊಟ್ಟೆಗಾಗುವಷ್ಟರಲ್ಲಿ ತೃಪ್ತಿಪಟ್ಟು ಉಳಿದ ಹೊತ್ತನ್ನೆಲ್ಲ ಜನರ ಹಿತಕ್ಕೆ ಕೊಡುತ್ತೇನೆ ಎಂಬುದು ಅದರ ಸಾರ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಅವ್ವ ಪ್ರತಿ ಭಾನುವಾರ ಫೋನ್ ಮಾಡಿ ಅರ್ಜಿ ಕರೆದರೇನು ಎಂದು ಕೇಳುತ್ತಾಳೆ. ಅಂಥ ಪತ್ರ ಬರೆಯುವ ಧೈರ್ಯ ನನಗಿಲ್ಲ.

ಡೆಕ್ಕನ್ ಕಾಲೇಜಿನಲ್ಲಿ ಅಗರ್ಕರ್ ಎಂ.ಎ.ಗೆ, ತಿಲಕರು ಕಾನೂನಿಗೆ ಓದುತ್ತಿದ್ದಾಗ ಇಬ್ಬರಿಗೂ ಸ್ನೇಹವಾಯಿತು. ದೇಶ ಯಾಕೆ ಹೀಗಾಯಿತು, ಇದಕ್ಕೆ ನಾವೇನು ಮಾಡಬಹುದು ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಶಿಕ್ಷಣವೇ ದಾರಿ ಎಂದು ಇಬ್ಬರೂ ತೀರ್ಮಾನಿಸಿದರು. ವಿಷ್ಣುಶಾಸ್ತ್ರಿ ಚಿಪಳೂಣಕರ್ ಜೊತೆಯಾದರು. 1880ರ ಜನವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ತೆರೆಯಿತು. ಎಂ.ಎ. ಮುಗಿಸಿ ಅಗರ್ಕರ್ ಕೂಡ ಅಲ್ಲಿಗೇ ಬಂದರು. ಮರುವರ್ಷ, 1881ರ ಜನವರಿಯಲ್ಲಿ, ಎರಡು ವಾರಪತ್ರಿಕೆಗಳು ಹೊರಟವು. ಇಂಗ್ಲಿಷಿನಲ್ಲಿ ಮರಾಠಾ, ಮರಾಠಿಯಲ್ಲಿ ಕೇಸರಿ. ಮರಾಠಾವನ್ನು ತಿಲಕರು ನೋಡಿಕೊಂಡರು. ಕೇಸರಿಯ ಸಂಪಾದಕರಾದವರು ಅಗರ್ಕರ್. ನನ್ನ ಕಾಲು ಅಂಕ ಹೋಗಿದ್ದು ಇಲ್ಲಿ.

ಪತ್ರಿಕೆಗಳಿಗೆ ಸುಮಾರು ಒಂದೂವರೆ ವರ್ಷ ಆಗುವ ಹೊತ್ತಿಗೆ ಇಬ್ಬರೂ ಜೈಲಿಗೆ ಹೋದರು. ಕೊಲ್ಹಾಪುರದ ಎಳೆಯ ಮಹಾರಾಜರನ್ನು ಅಲ್ಲಿಯ ಕಾರಭಾರಿ ಮಾಧವರಾವ್ ಬರ್ವೆ ಹಿಂಸಿಸುತ್ತಿದ್ದಾರೆ ಎಂಬ ಸುದ್ದಿ ಬಂದಿತ್ತು. ಅದಕ್ಕೆ ಸಾಕ್ಷಿ ಎನ್ನುವಂತೆ ಕೆಲವು ಪತ್ರಗಳೂ ಕೈಸೇರಿದವು. ಎರಡೂ ಪತ್ರಿಕೆಗಳು ಕಟುವಾಗಿ ಬರೆದವು. ಬರ್ವೆ ಮಾನನಷ್ಟ ಮೊಕದ್ದಮೆ ಹೂಡಿದರು. ವಿಚಾರಣೆಯಲ್ಲಿ ಆ ಪತ್ರಗಳು ನಕಲಿ ಎಂದಾಯಿತು. ಸಂಪಾದಕರಿಬ್ಬರೂ ಕ್ಷಮೆ ಕೇಳಿದರು. ಆದರೂ 1882ರ ಜುಲೈನಲ್ಲಿ ನಾಲ್ಕು ತಿಂಗಳ ಸಜೆಯಾಯಿತು. ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದು ಹೊರಬಂದರು. ಆ ದಿನಗಳ ಬಗ್ಗೆ ಅಗರ್ಕರ್ ಆಮೇಲೆ ಒಂದು ಪುಸ್ತಕ ಬರೆದರು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನೂ ವಿಕಾರವಿಲಸಿತ ಎಂಬ ಹೆಸರಿನಲ್ಲಿ ಮರಾಠಿಗೆ ತಂದರು.

ಯಾರೋ ಕೊಟ್ಟ ಪತ್ರ ನಿಜವೆಂದು ನಂಬಿ ಅಚ್ಚು ಹಾಕಿದ್ದಕ್ಕೆ ಆ ಇಬ್ಬರು 101 ದಿನ ಜೈಲಿನಲ್ಲಿ ಕೂತರು. ನಾನು ಮತ್ತು ನನ್ನ ಗೆಳತಿ ಆ ಚುನಾವಣೆಯ ದಿನಗಳಲ್ಲಿ ಕಳಿಸಿಕೊಂಡ ಫಾರ್ವರ್ಡ್‌ಗಳಲ್ಲಿ ಎಷ್ಟನ್ನು ಪರೀಕ್ಷಿಸಿದ್ದೆವು? ನಾನಂತೂ ಒಂದನ್ನೂ ಪರೀಕ್ಷಿಸಿರಲಿಲ್ಲ.

ಹೊರಗೆ ಬಂದ ಗೆಳೆಯರಿಗೆ ಜನ ಮರ್ಯಾದೆ ಮಾಡಿದರು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ಆಯಿತು, 1885ರ ಜನವರಿಯಲ್ಲಿ ಫರ್ಗ್ಯುಸನ್ ಕಾಲೇಜು ಶುರುವಾಯಿತು. ಮುಂದೆ ನಮ್ಮ ಆಲೂರು ವೆಂಕಟರಾಯರು, ಬೇಂದ್ರೆಯವರು ಓದಿದ ಕಾಲೇಜು ಅದೇ. ಹೊರಗಿನಿಂದ ನೋಡಿದವರಿಗೆ ಇದು ಮುರಿಯದ ಜೋಡಿ ಅನ್ನಿಸಿರಬೇಕು.

ಬಿರುಕು ಬಿಟ್ಟಿದ್ದು ಒಂದು ಪ್ರಶ್ನೆಗೆ. ಮೊದಲು ಯಾವುದು, ರಾಜಕೀಯ ಸ್ವಾತಂತ್ರ್ಯವೋ ಸಮಾಜದ ಸುಧಾರಣೆಯೋ?

ತಿಲಕರ ವಾದ ಹೀಗಿತ್ತು. ನಮ್ಮನ್ನು ಆಳುತ್ತಿರುವುದು ಪರದೇಶಿ ಸರ್ಕಾರ. ನಮ್ಮ ಮನೆಯ ಪದ್ಧತಿಗಳನ್ನು ತಿದ್ದುವ ಅಧಿಕಾರವನ್ನು ಅದರ ಕೈಗೆ ಕೊಡಬಾರದು. ಜನರಿಗೆ ತಿಳಿವಳಿಕೆ ಕೊಟ್ಟು, ಅವರನ್ನು ಒಪ್ಪಿಸಿ, ಬದಲಾವಣೆ ತರಬೇಕು. ಈಗಲೇ ಮದುವೆ, ಮಡಿ, ವಿಧವೆ ಎಂದು ಜಗಳ ತೆಗೆದರೆ ಜನ ಒಡೆಯುತ್ತಾರೆ, ಲಾಭ ಇಂಗ್ಲಿಷರಿಗೆ.

ಅಗರ್ಕರ್ ವಾದ ಬೇರೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ. ಪ್ರತಿ ಪದ್ಧತಿಯನ್ನೂ ಬುದ್ಧಿಯ ಒರೆಗೆ ಹಚ್ಚಬೇಕು. ಎಳೆಯ ಹುಡುಗಿಯ ಮೇಲೆ, ಕೇಶಮುಂಡನ ಮಾಡಿಸಿಕೊಂಡ ವಿಧವೆಯ ಮೇಲೆ ಇವತ್ತು ಅನ್ಯಾಯ ಆಗುತ್ತಿದ್ದರೆ ಜನ ಒಪ್ಪುವವರೆಗೆ ಕಾಯಿರಿ ಎಂದು ಅವಳಿಗೆ ಹೇಳಲಾಗದು. ಕಾನೂನು ಬೇಕಾದರೆ ಕಾನೂನು ತರಬೇಕು. ಹುಡುಗ ಹುಡುಗಿಯರಿಗೆ ಒಂದೇ ಶಿಕ್ಷಣ, ಒಟ್ಟಿಗೇ ಶಿಕ್ಷಣ ಕೊಡಬೇಕು ಎಂದು ಅವರು ಆ ಕಾಲದಲ್ಲೇ ಬರೆದರು.

ವಾದ ಬಿಸಿಯಾದದ್ದು ರುಖ್ಮಾಬಾಯಿ ಮೊಕದ್ದಮೆಯಲ್ಲಿ. ಹನ್ನೊಂದನೇ ವಯಸ್ಸಿನಲ್ಲಿ ಮದುವೆಯಾಗಿದ್ದ ಈ ಹೆಣ್ಣುಮಗಳು ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡ ಕೋರ್ಟಿಗೆ ಹೋದ. 1887ರಲ್ಲಿ ಮುಂಬಯಿ ಹೈಕೋರ್ಟ್ ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು ಎಂದಿತು. ಜೈಲಾದರೂ ಸರಿ ಎಂದಳು ರುಖ್ಮಾಬಾಯಿ. ಕೊನೆಗೆ ರಾಜಿಯಾಗಿ, ಮುಂದೆ ಲಂಡನ್ನಿನಲ್ಲಿ ಓದಿ ವೈದ್ಯೆಯಾದಳು. ಈ ಪ್ರಕರಣದಲ್ಲಿ ತಿಲಕರು ಅವಳ ವಿರುದ್ಧ, ಅಗರ್ಕರ್ ಅವಳ ಪರ. ಒಂದೇ ಪತ್ರಿಕೆಯಲ್ಲಿ ಎರಡು ದನಿ ನಡೆಯಲಿಲ್ಲ. ಅದೇ ವರ್ಷ ಅಗರ್ಕರ್ ಕೇಸರಿ ಬಿಟ್ಟರು. 1888ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರನ್ನು ಜೊತೆಗೆ ಕರೆದುಕೊಂಡು ಸುಧಾರಕ ಶುರು ಮಾಡಿದರು. ಮರಾಠಿ ಭಾಗ ಅಗರ್ಕರ್‌ದು, ಇಂಗ್ಲಿಷ್ ಭಾಗ ಗೋಖಲೆಯವರದು.

ಆಮೇಲಿನ ಎರಡು ಮೂರು ವರ್ಷ ಪುಣೆ ಎರಡಾಯಿತು. ಮಕ್ಕಳಿಗೆ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಇಬ್ಬರು ವಾರ ವಾರ ತಮ್ಮ ತಮ್ಮ ಪತ್ರಿಕೆಯಲ್ಲಿ ಒಬ್ಬರನ್ನೊಬ್ಬರು ಚುಚ್ಚುತ್ತಿದ್ದರು. ಸಂಸ್ಥೆಯ ಸಂಬಳ, ನಿಯಮಗಳ ಜಗಳವೂ ಅದಕ್ಕೆ ಸೇರಿಕೊಂಡಿತು. 1890ರಲ್ಲಿ ತಿಲಕರು ತಾವೇ ಕಟ್ಟಿದ ಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರಟರು. ಅವರು ಕಲಿಸುತ್ತಿದ್ದ ಗಣಿತಕ್ಕೆ ಧೋಂಡೋ ಕೇಶವ ಕರ್ವೆ ಬಂದರು. ವಿಧವೆಯನ್ನು ಮದುವೆಯಾಗಿ, ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು ಇದೇ ಕರ್ವೆ.

1891ರಲ್ಲಿ ಸಮ್ಮತಿ ವಯಸ್ಸಿನ ಕಾಯ್ದೆ ಬಂತು. ಕಲ್ಕತ್ತೆಯಲ್ಲಿ ಹತ್ತು ಹನ್ನೊಂದರ ಫೂಲಮಣಿ ಎಂಬ ಬಾಲಕಿ ಗಂಡನ ಬಲಾತ್ಕಾರದಿಂದ ಸತ್ತ ಮೇಲೆ ಹುಟ್ಟಿದ ಬೇಡಿಕೆ ಅದು. ದಾಂಪತ್ಯಕ್ಕೆ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಬರೀ ಎರಡು ವರ್ಷ. ಅಷ್ಟಕ್ಕೇ ಧರ್ಮ ಮುಳುಗಿತು ಎಂದು ಒಂದು ಕಡೆ ಬೊಬ್ಬೆ ಹಾಕಿತು. ಪುಣೆಯಲ್ಲಿ ಸುಧಾರಕರ ಸಭೆಗೆ ನುಗ್ಗಿ ಗಲಾಟೆ ಮಾಡಿದರು. ಇನ್ನೊಂದು ಕಡೆಯವರು ತಮ್ಮನ್ನು ಒಪ್ಪದವರನ್ನೆಲ್ಲ ಮೂಢರ ಸಾಲಿಗೆ ಸೇರಿಸಿದರು. ಅಗರ್ಕರ್ ನಾಸ್ತಿಕರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಅವರನ್ನು ಧರ್ಮಭ್ರಷ್ಟ ಎಂದು ಜರೆದರು. ಸಂಪ್ರದಾಯವಾದಿಗಳು ಒಂದು ದಿನ ಚಟ್ಟ ಕಟ್ಟಿ, ಬದುಕಿರುವ ಅಗರ್ಕರ್ ಅವರ ಅಣಕು ಶವಯಾತ್ರೆಯನ್ನೂ ತೆಗೆದರು.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಎರಡೂ ಕಡೆ ಸಮ ಸಮ ಸರಿ ಇತ್ತು ಎಂದು ಬರೆದು ಕೈತೊಳೆದುಕೊಳ್ಳಲು ನನಗೆ ಆಗುವುದಿಲ್ಲ. ನನಗೆ ಇಪ್ಪತ್ನಾಲ್ಕು ವರ್ಷ. ಮದುವೆಯಾಗಿಲ್ಲ. ಮನೆಯಿಂದ ದೂರ ಬಂದು, ಪಿ.ಜಿ.ಯಲ್ಲಿದ್ದು, ನೌಕರಿಗೆ ಓದುತ್ತಿದ್ದೇನೆ. ಅಂದಿನ ಮುಂಬಯಿ ಪ್ರಾಂತದಲ್ಲಿ ಇದೇ ಧಾರವಾಡವೂ ಇತ್ತು. ಅಗರ್ಕರ್ ಥರದವರು ಬೈಗುಳ ತಿಂದು ಬರೆಯದೇ ಹೋಗಿದ್ದರೆ ನಾನು ಇಲ್ಲಿ ಹೀಗೆ ಕೂತಿರುತ್ತಿದ್ದೆನೇ? ನನ್ನ ಗೆಳತಿ ಕೂತಿರುತ್ತಿದ್ದಳೇ? ಹೆಣ್ಣುಮಕ್ಕಳ ವಿಷಯದಲ್ಲಿ ಅಗರ್ಕರ್ ಸರಿ ಇದ್ದರು ಎಂದು ನಾನು ಇವತ್ತೂ ಹೇಳುತ್ತೇನೆ.

ಆದರೆ ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. 1890ರಲ್ಲಿ ತಿಲಕರು ಸುಧಾರಕರ ಮುಂದೆ ಒಂದು ಪ್ರತಿಜ್ಞೆಯ ಪಟ್ಟಿ ಇಟ್ಟಿದ್ದರು. ಹುಡುಗಿಗೆ 16 ತುಂಬುವವರೆಗೆ, ಹುಡುಗನಿಗೆ 20 ತುಂಬುವವರೆಗೆ ಮದುವೆ ಮಾಡಬಾರದು. ವರದಕ್ಷಿಣೆ ಬೇಡ. ವಿಧವೆಯರ ಕೇಶಮುಂಡನ ಬೇಡ. ಇದನ್ನು ಕಾನೂನಿನಿಂದಲ್ಲ, ನಾವೇ ಸಹಿ ಹಾಕಿ ನಮ್ಮ ಮನೆಗಳಲ್ಲಿ ಪಾಲಿಸೋಣ ಎಂಬುದು ಅವರ ಸವಾಲು. ಕಾಯ್ದೆ ಹೇಳಿದ್ದು 12. ಅದನ್ನು ವಿರೋಧಿಸಿದ ವ್ಯಕ್ತಿ ಹೇಳಿದ್ದು 16! ನಮ್ಮ ನೋಟ್ಸ್‌ನಲ್ಲಿ ಇದು ಒಂದು ಸಾಲಿನಲ್ಲೂ ಇಲ್ಲ. ಅಲ್ಲಿ ತಿಲಕರು ವಿರೋಧಿ, ಅಗರ್ಕರ್ ಪರ, ಅಷ್ಟೇ. ಇಬ್ಬರ ನಡುವೆ ಇದ್ದ ಅಂತರ ನಾನು ಅಂದುಕೊಂಡಿದ್ದಕ್ಕಿಂತ ಬೇರೆ ರೀತಿಯದು. ಬಾಲ್ಯವಿವಾಹ ಒಳ್ಳೆಯದು ಎಂದು ಒಬ್ಬರು, ಕೆಟ್ಟದ್ದು ಎಂದು ಇನ್ನೊಬ್ಬರು ವಾದಿಸುತ್ತಿರಲಿಲ್ಲ. ಅದನ್ನು ಯಾರು ನಿಲ್ಲಿಸಬೇಕು, ಯಾವಾಗ, ಹೇಗೆ ಎಂಬುದು ಜಗಳ. ಅದು ಕೂತು ಮಾತಾಡಬಹುದಾದ ಪ್ರಶ್ನೆ. ಆದರೆ ಧರ್ಮದ್ರೋಹಿ, ಮೂಢ ಎಂಬ ಪದಗಳು ಬಂದ ಮೇಲೆ ಆ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ.

ಅಗರ್ಕರ್ ಬರವಣಿಗೆಯೂ ಮೆತ್ತಗಿರಲಿಲ್ಲ. ಅವರ ವ್ಯಂಗ್ಯಕ್ಕೆ ಹರಿತ ಇತ್ತು. ಆದರೂ ಅವರು ಬೈದು ನಿಲ್ಲಿಸುತ್ತಿರಲಿಲ್ಲ. ಎದುರಾಳಿಯ ಕಾರಣ ಏನು, ಅದು ಯಾಕೆ ನಿಲ್ಲುವುದಿಲ್ಲ ಎಂದು ಮೇಷ್ಟ್ರು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುವಂತೆ ಬರೆಯುತ್ತಿದ್ದರು. ಒಪ್ಪದವನಿಗೂ ಉತ್ತರ ಕೊಡಲು ಅಲ್ಲಿ ಏನೋ ಒಂದು ಸಿಗುತ್ತಿತ್ತು. ನಾನು ನನ್ನ ಗೆಳತಿಗೆ ಭಕ್ತೆ ಎಂದಾಗ ಅವಳಿಗೆ ಉತ್ತರಿಸಲು ನಾನು ಏನು ಬಿಟ್ಟಿದ್ದೆ? ತಿರುಗಿ ಬೈಯುವುದೊಂದೇ.

1892ರಲ್ಲಿ ವಾಮನ ಶಿವರಾಮ ಆಪಟೆ ತೀರಿಕೊಂಡ ಮೇಲೆ ಅಗರ್ಕರ್ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾದರು. ಅಷ್ಟರಲ್ಲಿ ದೇಹ ಸೋತಿತ್ತು. ಹಳೆಯ ಉಬ್ಬಸ ಬಿಡಲಿಲ್ಲ. 1895ರ ಜೂನ್ 17ರಂದು ಅವರು ತೀರಿಕೊಂಡರು. ಮೂವತ್ತೊಂಬತ್ತು ತುಂಬಲು ಇನ್ನೂ ನಾಲ್ಕು ವಾರ ಬಾಕಿ ಇತ್ತು. ತನ್ನ ಅಂತ್ಯಕ್ರಿಯೆಯ ಖರ್ಚಿನ ಹಣವನ್ನು ಅವರು ಪೊಟ್ಟಣ ಕಟ್ಟಿ ತೆಗೆದಿಟ್ಟಿದ್ದರು ಎಂದು ಅವರ ಬದುಕಿನ ಕಥೆ ಹೇಳುವವರು ಹೇಳುತ್ತಾರೆ. ಊರು ಮೊದಲೇ ಒಮ್ಮೆ ಪುಕ್ಕಟೆ ಶವಯಾತ್ರೆ ಮಾಡಿತ್ತು. ನಿಜವಾದದ್ದಕ್ಕೆ ಯಾರ ಹಂಗೂ ಬೇಡ ಅನ್ನಿಸಿರಬಹುದು.

ಅಗರ್ಕರ್ ಸತ್ತಾಗ ತಿಲಕರು ಕೇಸರಿಯಲ್ಲಿ ಬರೆದರು. ಹಳೆಯ ಗೆಳೆಯನ ವಿದ್ವತ್ತು, ತ್ಯಾಗ, ಬರವಣಿಗೆಯ ಶಕ್ತಿ ಎಲ್ಲವನ್ನೂ ಒಪ್ಪಿಕೊಂಡು ಗೌರವದಿಂದ ಬರೆದರು. ಗೌರವ ಒಳಗೆ ಇದ್ದೇ ಇತ್ತು ಅಂತಾಯಿತು. ಆದರೆ ಅದನ್ನು ಓದಬೇಕಾದವರು ಓದಲು ಇರಲಿಲ್ಲ.

ಜಗಳ ಅಲ್ಲಿಗೂ ಮುಗಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ವಾಡಿಕೆಯಂತೆ ಅದೇ ಚಪ್ಪರದಲ್ಲಿ ಸಾಮಾಜಿಕ ಪರಿಷತ್ತನ್ನೂ ನಡೆಸಲು ವಿರೋಧ ಬಂತು. ರಾನಡೆಯವರು ಅದನ್ನು ಬೇರೆ ಕಡೆ ನಡೆಸಬೇಕಾಯಿತು. 1907ರಲ್ಲಿ ಸೂರತ್ ಅಧಿವೇಶನದಲ್ಲಿ ತಿಲಕರ ಕಡೆ ಮತ್ತು ಗೋಖಲೆಯವರ ಕಡೆ ಎದುರಾಗಿ ವೇದಿಕೆಗೆ ಚಪ್ಪಲಿ ತೂರಿಬಂತು, ಕುರ್ಚಿಗಳು ಹಾರಾಡಿದವು, ಕಾಂಗ್ರೆಸ್ ಒಡೆಯಿತು. ಎಂಟು ವರ್ಷದ ನಂತರ, 1915ರಲ್ಲಿ, ಗೋಖಲೆ ತೀರಿಕೊಂಡಾಗ ತಿಲಕರು ಸ್ಮಶಾನಕ್ಕೆ ಬಂದು ಅವರನ್ನು ಹೊಗಳಿ ಮಾತಾಡಿದರು. ಮತ್ತೆ ಅದೇ. ಒಳ್ಳೆಯ ಮಾತು ಬರುವ ಹೊತ್ತಿಗೆ ಕೇಳಬೇಕಾದವರು ಇಲ್ಲ.

ಗೆಳೆಯರೇ, ನಾವೆಲ್ಲ ಮುಖ್ಯ ಪರೀಕ್ಷೆಗೆ ಪ್ರಬಂಧ ಬರೆಯುವುದನ್ನು ಅಭ್ಯಾಸ ಮಾಡುತ್ತೇವೆ. ಪರ ವಿರೋಧ ಎರಡನ್ನೂ ಬರೆ, ಎದುರು ವಾದವನ್ನು ಬಲವಾಗಿಯೇ ಬರೆ, ಆಮೇಲೆ ನಿನ್ನ ನಿಲುವು ಹೇಳು ಎಂದು ಕೋಚಿಂಗ್ ಮೇಷ್ಟ್ರು ಹೇಳಿಕೊಡುತ್ತಾರೆ. ಅಂಕ ಬರುತ್ತದೆ ಎಂದರೆ ನಾವು ಅಷ್ಟು ನ್ಯಾಯವಂತರಾಗುತ್ತೇವೆ. ಪಕ್ಕದ ಮಂಚದವಳ ಜೊತೆ ಮಾತಾಡುವಾಗ ಮಾತ್ರ ಆಗುವುದಿಲ್ಲ. ನಿಲುವು ಬಿಡಬೇಕಿಲ್ಲ. ಅಗರ್ಕರ್ ಬಿಡಲಿಲ್ಲ, ನಾನೂ ಬಿಡುವುದಿಲ್ಲ. ಆದರೆ ಎದುರಿಗಿರುವವಳು ನಿಜವಾಗಿ ಏನು ಹೇಳುತ್ತಿದ್ದಾಳೆ ಎಂದು ತಿಳಿಯುವ ಮೊದಲೇ ಅವಳಿಗೊಂದು ಹೆಸರಿಟ್ಟು ಬಾಯಿ ಮುಚ್ಚಿಸಿದ್ದು ನನ್ನ ತಪ್ಪು.

ಹೋದ ವಾರ ಅವಳಿಗೆ ಮೆಸೇಜ್ ಮಾಡಿದೆ. ಗ್ರೂಪ್‌ನಲ್ಲಿ ಹಾಗೆ ಅಂದಿದ್ದು ತಪ್ಪಾಯಿತು ಎಂದು ಬರೆದೆ. ಡೋಂಗ್ರಿ ಜೈಲಿನ 101 ದಿನಗಳ ಬಗ್ಗೆ ಅಗರ್ಕರ್ ಬರೆದದ್ದು ಮರಾಠಿಯಲ್ಲಿದೆ, ಓದಿ ಹೇಳುತ್ತೀಯಾ ಎಂದೂ ಕೇಳಿದೆ. ಒಂದು ದಿನ ಪೂರ್ತಿ ಉತ್ತರ ಬರಲಿಲ್ಲ. ಮರುದಿನ ರಾತ್ರಿ, ಭಾನುವಾರ ಬರುತ್ತೇನೆ ಎಂದು ಬಂತು.

ಬಂದಳು. ಬರುವಾಗ ಸಂವಿಧಾನದ ಪುಸ್ತಕ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ತಾನು ಅಂದ ಮಾತೂ ತಪ್ಪು ಎಂದಳು. ನಾನು ತಿಲಕರ ಆ 16 ವರ್ಷದ ಪ್ರತಿಜ್ಞೆಯ ವಿಷಯ ಹೇಳಿದೆ. ಅವಳಿಗೆ ಖುಷಿಯಾಯಿತು. ಪ್ರತಿಜ್ಞೆಗೆ ಸಹಿ ಹಾಕದವರ ಮನೆಯ ಹುಡುಗಿಯ ಗತಿಯೇನು, ಅವಳಿಗೆ ಕಾನೂನಲ್ಲದೆ ಯಾರು ದಿಕ್ಕು ಎಂದು ನಾನು ಕೇಳಿದೆ. ಅರ್ಧ ಗಂಟೆಯೊಳಗೆ ನಾವಿಬ್ಬರೂ ದನಿ ಏರಿಸಿ ವಾದ ಮಾಡುತ್ತಿದ್ದೆವು. ಚಹಾ ಆರಿ ಹೋಯಿತು. ಕೊನೆಗೂ ಅವಳು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಮುಂದಿನ ಚುನಾವಣೆಯಲ್ಲೂ ನಮ್ಮ ಮತ ಬೇರೆ ಬೇರೆ ಕಡೆಗೇ ಬೀಳಬಹುದು. ಅವಳು ಇನ್ನೂ ಬೇರೆ ಪಿ.ಜಿ.ಯಲ್ಲೇ ಇದ್ದಾಳೆ.

ಆದರೆ ಸಂವಿಧಾನದ ಪುಸ್ತಕವನ್ನು ಅವಳು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ಇತಿಹಾಸದ್ದನ್ನು ನಾನು ಅವಳ ಚೀಲಕ್ಕೆ ಹಾಕಿದೆ. ಮುಂದಿನ ಭಾನುವಾರ ಬದಲಾಯಿಸಿಕೊಳ್ಳಬೇಕು.